ನಲವತ್ತೊಂದನೆಯ ಕುರ್ಚಿ

ದಾಕ್ಷಾಯಿಣಿ ಹಡಪದಳಿಗೆ ಕೂತು ಓದಲು ಒಂದು ಕುರ್ಚಿ ಇರಲಿಲ್ಲ.

ಹಾಸ್ಟೆಲಿನ ಹನ್ನೆರಡನೇ ನಂಬರಿನ ಕೋಣೆಯಲ್ಲಿ ನಾಲ್ಕು ಮಂಚ, ನಾಲ್ಕು ಟ್ರಂಕು, ಒಂದು ಮೇಜು ಇದ್ದವು. ಮೇಜಿನ ಮೇಲೆ ನಾಲ್ವರ ಎಣ್ಣೆ ಬಾಟಲಿ, ಪೌಡರ್ ಡಬ್ಬಿ, ಊರಿಂದ ತಂದ ಶೇಂಗಾ ಚಟ್ನಿ. ಕುರ್ಚಿಗಳನ್ನು ಯಾವುದೋ ವರ್ಷ ಪರೀಕ್ಷಾ ಹಾಲಿಗೆಂದು ಒಯ್ದವರು ಮರಳಿ ತಂದಿರಲಿಲ್ಲ. ಮಂಚದ ಮೇಲೆ ಕೂತು ಓದಿದರೆ ಹತ್ತು ಪುಟಕ್ಕೆ ಬೆನ್ನು ಬಾಗುತ್ತದೆ, ಇಪ್ಪತ್ತು ಪುಟಕ್ಕೆ ನಿದ್ದೆ ಹತ್ತುತ್ತದೆ. ಅದಕ್ಕೆ ಅವಳು ದಿನಾ ಕಾಲೇಜು ಬಿಟ್ಟ ಮೇಲೆ ಎರಡು ಕಿಲೋಮೀಟರು ನಡೆದು ಮೇನ್ ರೋಡಿನ ಹಳೇ ವಾಚನಾಲಯಕ್ಕೆ ಹೋಗುತ್ತಿದ್ದಳು.

ಸಿರಿಗಡ ಕಾಲೇಜುಗಳ ಊರು. ಏಳು ಕಾಲೇಜು, ಹತ್ತೊಂಬತ್ತು ಹಾಸ್ಟೆಲು, ಓಣಿಗೆ ಮೂರು ಝೆರಾಕ್ಸ್ ಅಂಗಡಿ. ಬೇಸಿಗೆ ರಜೆಗೆ ಹುಡುಗರು ಊರಿಗೆ ಹೋದರೆ ಚಹಾದಂಗಡಿಯವರೂ ಬೀಗ ಜಡಿದು ಬೀಗರ ಮನೆಗೆ ಹೋಗುತ್ತಿದ್ದರು. ಇಷ್ಟು ಜನ ಓದುವ ಊರಿನಲ್ಲಿ ಕೂತು ಓದುವ ಜಾಗ ಅದೊಂದೇ. ಕಲ್ಲಿನ ಗೋಡೆ, ಹೆಂಚಿನ ಮಾಡು, ಕಾಲಿಗೆ ತಣ್ಣಗೆ ತಾಗುವ ಶಹಾಬಾದಿ ಕಲ್ಲಿನ ನೆಲ, ಬೆನ್ನಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದ ಅರವತ್ತನಾಲ್ಕು ಕುರ್ಚಿ. ನಲವತ್ತೊಂದು ಕಿಟಕಿಯ ಪಕ್ಕ ಇತ್ತು. ಅದರ ಒಂದು ಕೈ ಮುರಿದಿದ್ದರಿಂದ ಉಳಿದವರು ಅದನ್ನು ಬಿಟ್ಟುಕೊಟ್ಟಿದ್ದರು.

ಅಲ್ಲಿ ಒಂದು ಕಟ್ಟುನಿಟ್ಟಿತ್ತು. ಚಪ್ಪಲಿ ಹೊರಗೆ ಬಿಡಬೇಕು. ಸರಸ್ವತಿ ಇರುವ ಜಾಗ ಎಂದು ಕೆಲವರು, ಪುಸ್ತಕಕ್ಕೆ ಧೂಳಾಗುತ್ತದೆ ಎಂದು ಕೆಲವರು ಕಾರಣ ಹೇಳುತ್ತಿದ್ದರು. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರುವ ಅಟೆಂಡರ್ ಗೂಳಪ್ಪನ ಕಾರಣವೇ ಬೇರೆ.

"ಚಪ್ಪಲ್ ಹೊರಗಿದ್ರ ಒಳಗ ಎಷ್ಟು ಮಂದಿ ಅದಾರಂತ ಎದ್ದು ಹೋಗಿ ನೋಡೂದು ತಪ್ಪತೈತಿ ನೋಡವಾ. ನನಗ ಮೊಣಕಾಲು ಬ್ಯಾನಿ."

ಸಂಜೆ ಏಳಕ್ಕೆ ಬಾಗಿಲು ಹಾಕುವ ಮುಂಚೆ ಅವನು ಅಂದಿನ ಜೋಡುಗಳ ಸಂಖ್ಯೆಯನ್ನು ಒಂದು ಹಳೇ ಡೈರಿಯಲ್ಲಿ ಬರೆಯುತ್ತಿದ್ದ. ಯಾರೂ ಕೇಳಿರಲಿಲ್ಲ, ಯಾರೂ ನೋಡುತ್ತಲೂ ಇರಲಿಲ್ಲ.

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ನಗರಸಭೆಯವರು ವಿದ್ಯಾರ್ಥಿಗಳಿಗೆ ಒಂದು ಸ್ಪರ್ಧೆ ಇಟ್ಟರು. ನಿಮ್ಮ ಊರು ಹೇಗೆ ಸುಧಾರಿಸಬೇಕು, ಬರೆದು ಕೊಡಿ. ಗೆದ್ದವರ ವಿಚಾರವನ್ನು ಒಂದು ವರ್ಷ ನಿಜವಾಗಿ ನಡೆಸಿ ನೋಡುತ್ತೇವೆ.

ದಾಕ್ಷಾಯಿಣಿ ಮೂರು ವಾರ ನಲವತ್ತೊಂದನೇ ಕುರ್ಚಿಯಲ್ಲಿ ಕೂತು ಮೂವತ್ತೊಂದು ಸುಧಾರಣೆ ಬರೆದಳು. ಒಂದು: ವಾಚನಾಲಯ ರಾತ್ರಿ ಹತ್ತರವರೆಗೆ ತೆರೆದಿರಬೇಕು. ಎರಡು: ಮೊದಲ ತಾಸು ಎಂಟೂವರೆಗೆ ಶುರುವಾಗುವಾಗ ಮೊದಲ ಬಸ್ಸು ಎಂಟೂ ನಲವತ್ತಕ್ಕೆ ಬಂದರೆ ಅದು ಯಾರಿಗಾಗಿ? ಏಳು: ಹೆಣ್ಣುಮಕ್ಕಳ ಹಾಸ್ಟೆಲಿನ ತಿರುವಿಗೆ ದೀಪ. ಹದಿನಾಲ್ಕು: ಪರೀಕ್ಷಾ ಕೇಂದ್ರದ ಗೇಟಿನಲ್ಲಿ ಕುಡಿಯುವ ನೀರು. ಹೀಗೆ ನಲವತ್ತು ಪುಟ, ಒಂದೂ ಕಾಟು ಹೊಡೆಯದೆ, ಅಂಚು ಬಿಟ್ಟು.

ಗೆದ್ದದ್ದು ಒಂದೂವರೆ ಪುಟ. ಬರೆದವಳು ಪಕ್ಕದ ಮಂಚದ ಸುವರ್ಣಾ ಕಟಗಿ.

ಇಬ್ಬರೂ ಒಂದೇ ಊರಿನವರು, ಒಂದೇ ಶಾಲೆ. ದಾಕ್ಷಾಯಿಣಿಯ ಅಪ್ಪನದು ಎರಡು ಕನ್ನಡಿಯ ಕ್ಷೌರದಂಗಡಿ, ಸುವರ್ಣಾಳ ಅವ್ವ ಬುಟ್ಟಿ ಹೊತ್ತು ಮೊಸರು ಮಾರುವವಳು. ಶಾಲೆಯಲ್ಲಿ ಹತ್ತು ವರ್ಷವೂ ದಾಕ್ಷಾಯಿಣಿ ಮೊದಲನೆಯವಳು, ಸುವರ್ಣಾ ಎರಡನೆಯವಳು. ಅವರ ಗೆಳೆತನ ಆ ಲೆಕ್ಕದ ಮೇಲೇ ನಿಂತಿತ್ತು. ಸಾಹುಕಾರರ ಮಗಳು ಗೆದ್ದಿದ್ದರೆ ದಾಕ್ಷಾಯಿಣಿ ಎರಡು ದಿನ ಬೈದು ಮರೆಯುತ್ತಿದ್ದಳು. ತನ್ನ ನೋಟ್ಸ್ ಕಾಪಿ ಮಾಡಿಕೊಂಡು ಪಾಸಾದವಳು ಗೆದ್ದದ್ದು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕ ಹಾಗಾಯಿತು.

ಅದಕ್ಕಿಂತ ದೊಡ್ಡ ಮುಳ್ಳೊಂದಿತ್ತು. ಎರಡು ವರ್ಷದ ಹಿಂದೆ ದಾಕ್ಷಾಯಿಣಿ ವಾಚನಾಲಯದ ಒಂದು ವಿಜ್ಞಾನ ಮಾಸಿಕದಲ್ಲಿ ಓದಿದ್ದಳು: ಫೋನಿಗೆಂದು ನೆಲದಡಿ ಹೂತ ಗಾಜಿನ ಎಳೆಗಳು ಭೂಕಂಪವನ್ನೂ ಕೇಳಿಸಿಕೊಳ್ಳಬಲ್ಲವು. ಅಂದು ಊಟಕ್ಕೆ ಕೂತಾಗ ಅದನ್ನು ಸುವರ್ಣಾಳಿಗೆ ಹೇಳಿದ್ದಳು. "ಹೌದಾ?" ಎಂದು ಸುವರ್ಣಾ ಇನ್ನೊಂದು ರೊಟ್ಟಿ ಹಾಕಿಸಿಕೊಂಡಿದ್ದಳು. ದಾಕ್ಷಾಯಿಣಿ ಹೇಳಿ ಮರೆತಳು. ಸುವರ್ಣಾ ಕೇಳಿ ಮರೆಯಲಿಲ್ಲ. ಒಂದೂವರೆ ಪುಟದ ಸಾರಾಂಶ ಇಷ್ಟೇ: ಊರಿಗೆ ಏನು ಬೇಕೆಂದು ನಾವ್ಯಾಕೆ ಊಹಿಸಬೇಕು? ಪ್ರತಿ ರಸ್ತೆಯ ಕೆಳಗೂ ಗಾಜಿನ ಎಳೆ ಇದೆ. ಅದು ಭೂಕಂಪ ಕೇಳುವುದಾದರೆ ಹೆಜ್ಜೆಯನ್ನೂ ಕೇಳುತ್ತದೆ. ಜನ ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿಗೆ ನಡೆಯುತ್ತಾರೆಂದು ತಿಳಿದರೆ ಬಸ್ಸು, ದೀಪ, ನೀರು ತಾವಾಗಿ ಅಲ್ಲಿಗೆ ಹೋಗುತ್ತವೆ.

ಕದ್ದಳು ಎನ್ನುವಂತಿರಲಿಲ್ಲ. ತಾನೇ ಬೀದಿಗೆ ಎಸೆದ ಬೀಜ ಇನ್ನೊಬ್ಬರ ಹಿತ್ತಲಲ್ಲಿ ಗಿಡವಾದರೆ ಜಗಳವಾಡಲು ಆಗುವುದಿಲ್ಲ. ಹೊಟ್ಟೆ ಉರಿದುಕೊಳ್ಳಬಹುದು, ಅಷ್ಟೇ.

ಭೌತಶಾಸ್ತ್ರದ ಅರಕೇರಿ ಸರ್ ನೀರಿನ ಟಾಕಿಯ ಕೆಳಗಿನ ಕೋಣೆಯಲ್ಲಿ ಯಂತ್ರ ಹೂಡಿದರು. ಸುವರ್ಣಾ ಕಾಲೇಜು ಮುಗಿದ ಕೂಡಲೇ ಅಲ್ಲಿಗೆ ಓಡುತ್ತಿದ್ದಳು. ಯಂತ್ರಕ್ಕೆ ಮನುಷ್ಯರ ನಡಿಗೆ ಕಲಿಸಬೇಕಿತ್ತು. ಒಂದು ಭಾನುವಾರ ಹಾಸ್ಟೆಲಿನ ಇನ್ನೂರು ಹುಡುಗಿಯರನ್ನು ಅಂಗಳದಲ್ಲಿ ಸಾಲಾಗಿ ನಡೆಸಿದರು. ಬೂಟು ಹಾಕಿ, ಚಪ್ಪಲಿ ಹಾಕಿ, ಹೈ ಹೀಲ್ಸ್ ಹಾಕಿ, ನೀರಿನ ಕೊಡ ಹಿಡಿದು, ಅವಸರದಲ್ಲಿ, ಸಾವಕಾಶ.

"ಚಪ್ಪಲ್ ಬಿಟ್ಟು ನಡೀಬೇಕೇನ ಸುವ್ವಿ?" ಎಂದು ಯಾರೋ ಕೇಳಿದರು.

"ಬ್ಯಾಡ ತಗೀ. ಈಗಿನ ಕಾಲದಾಗ ಬರಿಗಾಲಲೆ ಯಾರ ಅಡ್ಡಾಡತಾರ?" ಎಂದಳು ಸುವರ್ಣಾ.

ದಾಕ್ಷಾಯಿಣಿ ಸಾಲಿನಲ್ಲಿ ನಿಂತಿದ್ದಳು. ಎಂಟನೇ ಇಯತ್ತೆಯವರೆಗೆ ಶಾಲೆಗೆ ಬರಿಗಾಲಲ್ಲಿ ಬರುತ್ತಿದ್ದ ಹುಡುಗಿ ಒಬ್ಬಳು ಅವಳಿಗೆ ಗೊತ್ತಿದ್ದಳು. ಮೊದಲ ಚಪ್ಪಲಿ ಬಂದ ದಿನ ಆ ಹುಡುಗಿ ಅದನ್ನು ಕೈಯಲ್ಲಿ ಹಿಡಿದು ಶಾಲೆಗೆ ಬಂದು, ಗೇಟಿನಲ್ಲಿ ಹಾಕಿಕೊಂಡದ್ದೂ ನೆನಪಿತ್ತು.

ಯಂತ್ರ ಶುರುವಾಗಿ ತಿಂಗಳೊಳಗೆ ಬಸ್ಸು ಎಂಟೂ ಐದಕ್ಕೆ ಬಂತು. ಹಾಸ್ಟೆಲಿನ ತಿರುವಿಗೆ ದೀಪ ಬಂತು. ಪರೀಕ್ಷಾ ಕೇಂದ್ರದ ಗೇಟಿಗೆ ನಲ್ಲಿ ಬಂತು. ಕಾಮರ್ಸ್ ಕಾಲೇಜಿನ ಮುಂದೆ ರಸ್ತೆ ದಾಟಲು ಬಿಳಿ ಪಟ್ಟೆ ಬಂತು, ಅದೂ ಎಂಜಿನಿಯರರು ಎಳೆಯುತ್ತಿದ್ದ ಜಾಗದಲ್ಲಲ್ಲ, ಹುಡುಗರು ದಾಟುತ್ತಿದ್ದ ಜಾಗದಲ್ಲಿ. ದಾಕ್ಷಾಯಿಣಿ ತನ್ನ ನೋಟುಬುಕ್ಕು ತೆಗೆದು ಒಂದೊಂದಕ್ಕೇ ಟಿಕ್ ಹಾಕಿದಳು. ಎರಡು, ಏಳು, ಹದಿನಾಲ್ಕು, ಇಪ್ಪತ್ತು. ನಾಲ್ಕನೇ ತಿಂಗಳಿಗೆ ಮೂವತ್ತೊಂದರಲ್ಲಿ ಹತ್ತೊಂಬತ್ತು ಆಗಿದ್ದವು. ಅವಳು ಬಯಸಿದ ಊರು ಕಣ್ಣೆದುರಿಗೇ ಕಟ್ಟಿಕೊಳ್ಳುತ್ತಿತ್ತು, ಅವಳನ್ನು ಒಂದು ಮಾತೂ ಕೇಳದೆ.

ಮೆಸ್ಸಿನಲ್ಲಿ ಅಡುಗೆಯ ಶಿವಬಾಯಿ ಸುವರ್ಣಾಳ ತಾಟಿಗೆ ತುಪ್ಪ ಜಾಸ್ತಿ ಹಾಕತೊಡಗಿದಳು.

"ನಮ್ಮ ಓಣಿಗೆ ಬಸ್ ಬಂತವಾ ನಿನ್ನಿಂದ. ದಿನಾ ಅರ್ಧಾ ತಾಸು ನಡೀತಿದ್ನಿ. ನಿನ್ನ ಹೊಟ್ಟಿ ತಣ್ಣಗಿರಲಿ."

ಪಕ್ಕದಲ್ಲಿ ಕೂತ ದಾಕ್ಷಾಯಿಣಿಯ ಹೊಟ್ಟೆಯ ಬಗ್ಗೆ ಶಿವಬಾಯಿ ಏನೂ ಹೇಳಲಿಲ್ಲ. ಆ ಬಸ್ಸು ಅವಳ ಪಟ್ಟಿಯಲ್ಲಿ ಒಂಬತ್ತನೆಯದಾಗಿತ್ತು.

ಒಂದು ಮಧ್ಯಾಹ್ನ ಸುವರ್ಣಾ ಅವಳನ್ನು ಎಳೆದುಕೊಂಡು ಟಾಕಿಯ ಕೋಣೆಗೆ ಹೋದಳು. "ಒಂದರ ಸಲ ಬಂದ ನೋಡಲೇ. ಎಲ್ಲಾರೂ ನೋಡ್ಯಾರ, ನೀ ಒಬ್ಬಾಕಿ ಬಂದಿಲ್ಲ."

ಕೋಣೆ ತಣ್ಣಗಿತ್ತು. ಗೋಡೆಯ ತುಂಬ ಒಂದು ಪರದೆ, ಅದರಲ್ಲಿ ಸಿರಿಗಡದ ನಕ್ಷೆ. ರಸ್ತೆಗಳ ಮೇಲೆ ಹಳದಿ ಚುಕ್ಕೆಗಳು ಇರುವೆಯಂತೆ ಹರಿಯುತ್ತಿದ್ದವು. ಅರಕೇರಿ ಸರ್ ಖುಷಿಯಲ್ಲಿದ್ದರು.

"ನೋಡವಾ, ಈ ಎಳಿಯೊಳಗ ಸೆಕೆಂಡಿಗೆ ಸಾವಿರ ಸಲ ಬೆಳಕ ಬಿಡ್ತೀವಿ. ಎಳಿ ಎಲ್ಲಿ ನಡಗತೈತೋ ಅಲ್ಲಿಂದ ಒಂದೀಟು ಬೆಳಕ ಬದಲಾಗಿ ತಿರುಗಿ ಬರತೈತಿ. ಎಷ್ಟೊತ್ತಿಗೆ ಬಂತು ನೋಡಿದ್ರ ಎಲ್ಲಿ ನಡಗಿತು ಗೊತ್ತಾತು. ಹೆಂಗ ನಡಗಿತು ನೋಡಿದ್ರ ಯಾರು ನಡಗಿಸಿದ್ರು ಗೊತ್ತಾತು."

"ಹೆಸರೂ ಗೊತ್ತಾಗತೈತೇನ್ರಿ?"

"ಹೆಸರು ತಗೊಂಡು ಏನ ಮಾಡೂದೈತಿ? ಮನಶ್ಯಾನೋ ಎಮ್ಮಿನೋ ಅಷ್ಟು ಗೊತ್ತಾದ್ರ ಸಾಕು. ಹಿಮ್ಮಡಿ ನೆಲಕ್ಕ ಬಡಿದ್ರ ಟಪ್ ಅಂತ ಒಂದ ಪೆಟ್ಟು ಬರತೈತಿ. ಅದ ಮನಶ್ಯಾ. ಮೆತ್ತಗ ಬಂದದ್ದೆಲ್ಲಾ ನಾಯಿ, ದನ, ಮಳಿ. ಅದನ್ನ ಯಂತ್ರ ತಾನ ತಗದು ಒಗೀತೈತಿ."

ಸುವರ್ಣಾ ಕೀಲಿಮಣೆ ಒತ್ತಿ ಮೇನ್ ರೋಡನ್ನು ದೊಡ್ಡದು ಮಾಡಿದಳು. "ಯಾರರ ನಡೀತಾ ನಡೀತಾ ರಸ್ತಾ ಬಾಜೂ ಒಮ್ಮೆಲೆ ಇಲ್ಲದಂಗಾದ್ರ ಗಾಡಿ ಹತ್ತಿದ್ರು ಅಂತ ತಿಳೀತೈತಿ. ಒಮ್ಮೆಲೆ ಹುಟ್ಟಿದ್ರ ಗಾಡಿ ಇಳಿದ್ರು ಅಂತ. ಇಲ್ಲಿ ನೋಡು. ಇಡೀ ಊರಾಗ ಭಾಳ ಮಂದಿ ಗಾಡಿ ಹತ್ತೂದು ಇಲ್ಲೇ. ಆದ್ರ ಇಲ್ಲೊಂದು ಬಸ್ ಸ್ಟಾಪ್ ಇಲ್ಲ, ಆಟೋ ಸ್ಟ್ಯಾಂಡ್ ಇಲ್ಲ. ನಮಗೂ ತಿಳೀವಲ್ದು."

ಅವಳು ತೋರಿಸಿದ ಜಾಗದಲ್ಲಿ ಚುಕ್ಕೆಗಳು ಗುಂಪುಗುಂಪಾಗಿ ಬಂದು, ಮೂರು ನಾಲ್ಕು ಸೆಕೆಂಡು ನಿಂತು, ಆರಿ ಹೋಗುತ್ತಿದ್ದವು. ಅದರ ಹಿಂದೆ ಒಂದು ಕಟ್ಟಡದ ಕಪ್ಪು ಚೌಕ. ಒಳಗೆ ಒಂದೂ ಚುಕ್ಕೆ ಇರಲಿಲ್ಲ.

ಅದು ವಾಚನಾಲಯ.

ದಾಕ್ಷಾಯಿಣಿಗೆ ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಜನ ಬಾಗಿಲಿಗೆ ಬರುತ್ತಾರೆ, ಚಪ್ಪಲಿ ಬಿಡುತ್ತಾರೆ, ಬರಿಗಾಲಲ್ಲಿ ಒಳಗೆ ಹೋಗುತ್ತಾರೆ. ಬರಿಗಾಲಿನ ಮೆತ್ತಗಿನ ಹೆಜ್ಜೆಯನ್ನು ಯಂತ್ರ ನಾಯಿ ದನದ ಲೆಕ್ಕಕ್ಕೆ ಹಾಕುತ್ತದೆ. ಕುರ್ಚಿ ಎಳೆದ ಸದ್ದು ಅದಕ್ಕೆ ಕೇಳಿಸುತ್ತಿರಬೇಕು. ಆದರೆ ಕುರ್ಚಿ ಎಳೆಯುವವನು ಮನುಷ್ಯ ಎಂದು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಅವಳು ಬಾಯಿ ತೆರೆದಳು. ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಕಂಡಿತು: ವಿಚಾರ, ಸುವರ್ಣಾ ಕಟಗಿ. ಬಾಯಿ ಮುಚ್ಚಿಕೊಂಡಳು.

"ಛಲೋ ಐತಿ," ಎಂದಳು.

ಹಾಸ್ಟೆಲಿಗೆ ನಡೆಯುವಾಗ ಐದಾರು ತಿಂಗಳಲ್ಲಿ ಮೊದಲ ಸಲ ಅವಳ ಎದೆ ಹಗುರಾಗಿತ್ತು. ಮುಂದಿನ ತಿಂಗಳು ಟೌನ್ ಹಾಲಿನಲ್ಲಿ ಸಾರ್ವಜನಿಕ ಸಭೆ ಇತ್ತು. ಯಂತ್ರದ ಹೊಸ ಸಲಹೆಗಳ ಮೇಲೆ ಆಕ್ಷೇಪಣೆ ಇದ್ದವರು ಎದ್ದು ಹೇಳಬಹುದು. ಕಮಿಷನರ್ ಬರುತ್ತಾರೆ, ಏಳು ಕಾಲೇಜಿನ ಪ್ರಿನ್ಸಿಪಾಲರು ಬರುತ್ತಾರೆ. ಆಗ ಹೇಳುತ್ತೇನೆ, ಎಲ್ಲರ ಎದುರಿಗೆ. ಇಲ್ಲಿ ಕಿವಿಯಲ್ಲಿ ಹೇಳಿದರೆ ಸುವರ್ಣಾ ತಿದ್ದಿಕೊಳ್ಳುತ್ತಾಳೆ, ತಿದ್ದಿದ್ದೂ ಅವಳ ಹೆಸರಿಗೇ ಹೋಗುತ್ತದೆ.

ಎರಡು ವಾರ ಕಳೆಯಿತು. ಮೆಸ್ಸಿನಲ್ಲಿ ಬೆಳಗಿನ ಉಪ್ಪಿಟ್ಟು ತಿನ್ನುವಾಗ ಸುವರ್ಣಾ ಕೇಳಿದಳು.

"ದಾಕ್ಷಿ, ನೀ ದಿನಾ ವಾಚನಾಲಯಕ್ಕ ಹೋಗ್ತಿಯಲ್ಲ, ಒಳಗ ಮಂದಿ ಇರತಾರೇನ?"

"ಯಾಕ?"

"ಅಲ್ಲಿ ಬಸ್ ನಿಲ್ದಾಣ ಮಾಡ್ರಿ ಅಂತ ಯಂತ್ರ ಹೇಳೇತಿ. ಆ ಕಟ್ಟಡ ಖಾಲಿ ಐತಂತ. ನನಗ್ಯಾಕೋ ಮನಸ್ಸು ಒಪ್ಪವಲ್ದು. ಯಂತ್ರ ಹೇಳಿದ್ದಕ್ಕ ಅಲ್ಲಿ ಅಡ್ಡಾಡೋ ಮನಶ್ಯಾ ಒಬ್ಬರರ ಹೌದು ಅನ್ನಬೇಕು ಅಂತ ನಾನ ಹಟಾ ಮಾಡಿ ರೂಲ್ ಹಾಕಿಸೀನಿ. ಗೂಳಪ್ಪಗ ಕೇಳಿದ್ರ ನೌಕರಿ ಸಂಬಂಧ ಇಲ್ಲದ್ದು ಹೇಳತಾನ ಅಂತಾರ ಎಂಜಿನಿಯರ್ ಸಾಹೇಬ್ರು. ನೀ ಹೇಳು."

ದಾಕ್ಷಾಯಿಣಿ ಉಪ್ಪಿಟ್ಟಿನಲ್ಲಿದ್ದ ಕರಿಬೇವು ಆರಿಸಿ ಬದಿಗಿಟ್ಟಳು. ತಪ್ಪು ದೊಡ್ಡದಾದಷ್ಟೂ ಸಭೆಯಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಸಭೆ ಸೋಮವಾರ. ಇನ್ನು ಹನ್ನೊಂದು ದಿನ.

"ಯಾರೂ ಇರೂದಿಲ್ಲ. ಅದಕ್ಕ ನಾ ಅಲ್ಲಿ ಹೋಗೂದು. ನಿನ್ನಂಥಾ ದೊಡ್ಡ ಮಂದಿ ಕಾಟ ಇರೂದಿಲ್ಲಂತ."

ಸುವರ್ಣಾ ನಕ್ಕಳು. "ಮಂಗ್ಯಾ. ಖರೇ ಹೇಳು."

"ಖರೇನ ಹೇಳಾಕತ್ತೀನಿ. ನಾ ಒಬ್ಬಾಕಿ, ಗೂಳಪ್ಪ ಒಬ್ಬ. ಬ್ಯಾಸರಾದ್ರ ಇಬ್ಬರೂ ನೊಣಾ ಹೊಡೀತೀವಿ."

ಸುವರ್ಣಾ ಕ್ಷಣ ಅವಳ ಮುಖ ನೋಡಿದಳು. ಹತ್ತು ವರ್ಷ ಉತ್ತರಪತ್ರಿಕೆ ತಾಳೆ ನೋಡಿಕೊಂಡ ಮುಖ ಅದು. ದಾಕ್ಷಿ ಹೇಳಿದ ಉತ್ತರ ಯಾವತ್ತೂ ತಪ್ಪಾಗಿರಲಿಲ್ಲ. ಎಡಗೈಯಲ್ಲಿ ಫೋನು ತೆಗೆದು ಏನೋ ಬರೆದಳು. ಏನು ಬರೆದೆ ಎಂದು ದಾಕ್ಷಾಯಿಣಿ ಕೇಳಲಿಲ್ಲ. ಕೇಳದಿದ್ದರೆ ಗೊತ್ತಿಲ್ಲ ಎನ್ನಲು ಬರುತ್ತದೆ.

ಸಭೆಗೆ ಮುಂಚಿನ ಶುಕ್ರವಾರ ಸಂಜೆ ಅವಳು ನಲವತ್ತೊಂದರಿಂದ ಎದ್ದು ಬಂದಾಗ ಗೂಳಪ್ಪ ಡೈರಿ ಬರೆಯುತ್ತಿದ್ದ.

"ಇವತ್ತ ಎಷ್ಟ ಕಾಕಾ?"

"ಇನ್ನೂರಾ ಹದಿಮೂರು ಜೋಡು. ಪರೀಕ್ಷಾ ಹತ್ತಿರ ಬಂತಲ್ಲ, ಇನ್ನೂ ಏರತಾವು. ನಾಳೆ ಎರಡನೇ ಶನಿವಾರ, ನಾಡದ ಐತವಾರ. ಸೋಮವಾರ ಬಾ."

"ಸೋಮವಾರ ನಿಮಗ ಒಂದು ಆಶ್ಚರ್ಯ ಐತಿ ಕಾಕಾ."

"ಹೌದಾ? ಸ್ಟೂಲ್ ಬದಲಿ ಖುರ್ಚಿ ಕೊಡಸ್ತೀಯೇನ?"

ಎರಡು ದಿನ ಅವಳು ಹಾಸ್ಟೆಲು ಬಿಟ್ಟು ಹೊರಗೆ ಹೋಗಲಿಲ್ಲ. ಟ್ರಂಕನ್ನು ಮೇಜು ಮಾಡಿಕೊಂಡು ಮಂಚದ ಮೇಲೆ ಕೂತು ಭಾಷಣ ಬರೆದಳು. ಭಾನುವಾರ ಸಂಜೆ ಪೇಟೆಗೆ ಹೋಗಿ ಬಂದ ಹುಡುಗಿಯೊಬ್ಬಳು ಬಸ್ಸನ್ನು ಹಿಂದಿನ ಓಣಿಯಿಂದ ತಿರುಗಿಸಿದರು, ಮೇನ್ ರೋಡಿನಲ್ಲಿ ಏನೋ ಕಾಮಗಾರಿ, ಮುಖದ ತುಂಬ ಧೂಳು ಎಂದು ಗೊಣಗಿದಳು. ದಾಕ್ಷಾಯಿಣಿ ತಲೆ ಎತ್ತಲಿಲ್ಲ. ಅವಳು ಮೂರನೇ ಪುಟದಲ್ಲಿದ್ದಳು.

ಸೋಮವಾರ ಟೌನ್ ಹಾಲು ತುಂಬಿತ್ತು. ಎಂಟೂ ಐದರ ಬಸ್ಸಿಗೆ, ತಿರುವಿನ ದೀಪಕ್ಕೆ ಚಪ್ಪಾಳೆ ಬಿತ್ತು. ತೋರಿಸಲೆಂದು ಹಾಲಿನ ನೆಲಕ್ಕೂ ಒಂದು ಎಳೆ ಎಳೆದು, ವೇದಿಕೆಯ ಹಿಂದಿನ ಪರದೆಯಲ್ಲಿ ಹಾಲಿನದೇ ನಕ್ಷೆ ಹಾಕಿದ್ದರು, ಯಾರು ನಡೆದರೂ ಒಂದು ಹಳದಿ ಚುಕ್ಕೆ ನಡೆಯುತ್ತಿತ್ತು. ಆಕ್ಷೇಪಣೆ ಇದ್ದವರು ಬರಬಹುದು ಎಂದಾಗ ದಾಕ್ಷಾಯಿಣಿ ಎದ್ದು ವೇದಿಕೆ ಹತ್ತಿದಳು. ಬರೆದ ಹಾಳೆಗಳನ್ನು ಮಡಿಚಿ ಕೈಯಲ್ಲೇ ಹಿಡಿದುಕೊಂಡಳು.

"ನಾ ಮಾತಾಡೂದಿಲ್ರಿ. ನಡದು ತೋರಸ್ತೀನಿ. ಎಲ್ಲಾರೂ ಪರದೆ ನೋಡ್ರಿ."

ವೇದಿಕೆಯ ಈ ತುದಿಯಿಂದ ನಡೆದಳು. ಪರದೆಯಲ್ಲಿ ಚುಕ್ಕೆ ನಡೆಯಿತು. ನಡುವೆ ನಿಂತು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಆ ತುದಿಯವರೆಗೆ ನಡೆದಳು. ಚುಕ್ಕೆ ಆರಿತು. ಅದು ಆರಿದ ಜಾಗದಲ್ಲಿ ಒಂದು ಪುಟ್ಟ ಆಟೋದ ಚಿತ್ರ ಮೂಡಿತು.

ಹಾಲು ಗೊಳ್ಳೆಂದು ನಕ್ಕಿತು. ಹಿಂದಿನಿಂದ ಹುಡುಗನೊಬ್ಬ ಕೂಗಿದ, "ಅಕ್ಕಾ, ಮೀಟರ್ ಹಾಕಿಸು!"

"ನಕ್ಕದ್ದು ಸಾಕು," ಎಂದಳು ದಾಕ್ಷಾಯಿಣಿ. "ವಾಚನಾಲಯದಾಗ ಎಲ್ಲಾರೂ ಚಪ್ಪಲ್ ಬಿಟ್ಟು ಒಳಗ ಹೋಗತಾರ. ಅದಕ್ಕ ಈ ಯಂತ್ರಕ್ಕ ಅದು ಖಾಲಿ ಕಾಣತೈತಿ. ಓದಾಕ ಬಂದವರನ್ನ ಬಸ್ಸಿಗೆ ಬಂದವರು ಅಂತ ತಿಳದೈತಿ. ದಿನಾ ಇನ್ನೂರು ಮಂದಿ. ಹೂವು ಮಾರವರು, ಮೊಸರು ಮಾರವರು, ಹರಕಿ ಹೊತ್ತವರು, ಇವರು ಯಾರೂ ಈ ನಕ್ಷಾದಾಗಿಲ್ಲ. ಇದನ್ನ ಕಲಿಸಿದಾಕಿಗೆ ಇದು ಗೊತ್ತಿರಬೇಕಿತ್ತು." ಅವಳು ಸುವರ್ಣಾಳ ಕಡೆ ತಿರುಗಿದಳು. "ಎಂಟನೇತ್ತಾ ತನಕಾ ನೀನೂ ಬರಿಗಾಲಲೆ ಸಾಲಿಗೆ ಬರತಿದ್ದಿ ಸುವ್ವಿ. ನಿನ್ನ ಯಂತ್ರಕ್ಕ ನೀನ ಕಾಣತಿದ್ದಿಲ್ಲ."

ನಗು ನಿಂತಿತು. ಈ ಗಳಿಗೆಗಾಗಿ ದಾಕ್ಷಾಯಿಣಿ ಒಂದು ತಿಂಗಳು ಕಾದಿದ್ದಳು. ಅದು ಅವಳು ಅಂದುಕೊಂಡಷ್ಟೇ ಸಿಹಿಯಾಗಿತ್ತು. ಸುಳ್ಳು ಹೇಳಿ ಪ್ರಯೋಜನವಿಲ್ಲ.

ಸುವರ್ಣಾ ಎದ್ದು ನಿಂತಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಅವಳು ಲೆಕ್ಕ ಹಾಕುತ್ತಿದ್ದಳು.

"ಇದು ನಿನಗ ಯಾವಾಗ ಗೊತ್ತಾತು?"

"ಟಾಕಿಗೆ ಬಂದಿನ್ಯಲ್ಲ, ಅವತ್ತ."

"ಮತ್ತ ನಾ ಕೇಳಿದಾಗ?"

ಅರಕೇರಿ ಸರ್ ಆಗಲೇ ಪರದೆಯ ಮೇಲೆ ವಾಚನಾಲಯದ ಕಡತ ತೆರೆದಿದ್ದರು. ಅವರಿಗೆ ತಪ್ಪು ಹುಡುಕುವ ಅವಸರವಿತ್ತು, ಯಾರ ಮಾನದ ಪರಿವೆಯೂ ಇರಲಿಲ್ಲ. ಕೊನೆಯ ಸಾಲು ಗೋಡೆಯಗಲ ಮೂಡಿತು. ಸ್ಥಳದ ಸಾಕ್ಷಿ: ದಾಕ್ಷಾಯಿಣಿ ಹಡಪದ, ದಿನನಿತ್ಯದ ಓದುಗಾರ್ತಿ. ಹೇಳಿಕೆ: ಒಳಗೆ ಯಾರೂ ಇರುವುದಿಲ್ಲ.

ಇಷ್ಟು ದಿನಕ್ಕೆ ಅವಳ ಹೆಸರು ಆ ಪರದೆಯ ಮೇಲೆ ಬಂತು.

"ಇರಲಿ," ಎಂದರು ಕಮಿಷನರ್ ಮೇಜಿನ ಮೇಲೆ ಬಾಗಿ. "ತಪ್ಪು ಗೊತ್ತಾಯಿತಲ್ಲ, ಆ ಸಲಹೆಯನ್ನು ಕೈಬಿಡೋಣ."

ಪಕ್ಕದಲ್ಲಿದ್ದ ಎಂಜಿನಿಯರ್ ಗಂಟಲು ಸರಿ ಮಾಡಿಕೊಂಡರು. "ಸರ್, ಆ ಕಟ್ಟಡ ಮೊದಲಿಂದನ ಶಿಥಿಲ ಕಟ್ಟಡದ ಪಟ್ಟಿಯೊಳಗಿತ್ತು. ಅಂಥಾದ್ದಕ್ಕ ಸಭಾ ಬೇಕಿಲ್ಲ, ಒಂದು ಸಾಕ್ಷಿ ಸಾಕು ಅಂತ ನಿಯಮ. ರಜಾ ಇತ್ತು, ಟ್ರಾಫಿಕ್ ಕಡಿಮಿ ಅಂತ... ನಿನ್ನೆನ ಕೆಡವಿಬಿಟ್ವಿ."

ದಾಕ್ಷಾಯಿಣಿಯ ಚಪ್ಪಲಿ ವೇದಿಕೆಯ ನಡುವೆ ಇತ್ತು. ಅದನ್ನು ಹಾಕಿಕೊಳ್ಳಲು ಅವಳು ಅಷ್ಟು ದೂರ ನಡೆದಳು. ಪರದೆಯಲ್ಲಿ ಏನೂ ಕಾಣಲಿಲ್ಲ. ಹಾಕಿಕೊಂಡಾಗ ಒಂದು ಚುಕ್ಕೆ ಹುಟ್ಟಿತು, ಆಟೋ ಇಳಿದವರಂತೆ.

ಬರಿಗಾಲಿನ ತಪ್ಪನ್ನು ಹದಿನೆಂಟು ದಿನದಲ್ಲಿ ತಿದ್ದಿದರು. ಈ ಸಲ ಸುವರ್ಣಾ ಊರಿಂದ ಅವ್ವನನ್ನು ಕರೆಸಿ, ತಲೆಯ ಮೇಲೆ ಬುಟ್ಟಿ ಹೊರಿಸಿ, ಮೊದಲು ಅವಳನ್ನೇ ನಡೆಸಿದಳು. ನಕ್ಷೆಯಲ್ಲಿ ಒಮ್ಮೆಗೇ ನಾಲ್ಕು ಸಾವಿರ ಹೊಸ ಚುಕ್ಕೆಗಳು ಹುಟ್ಟಿದವು. ಹೂವಿನ ಸಂತೆಗೆ ನೆರಳು ಬಂತು, ಮೊಸರಿನವರಿಗೆ ಬೆಳಗಿನ ಬಸ್ಸು ಬಂತು. ವರದಿಯ ಕೊನೆಗೆ ಸುವರ್ಣಾ ಒಂದು ಸಾಲು ಬರೆದಿದ್ದಳು: ಈ ದೋಷವನ್ನು ಕಂಡುಹಿಡಿದವರು ದಾಕ್ಷಾಯಿಣಿ ಹಡಪದ. ಅದನ್ನು ಓದಿದಾಗ ದಾಕ್ಷಾಯಿಣಿಗೆ ನಾಚಿಕೆಯಾಗಲಿಲ್ಲ. ಆ ಸಾಲು ಬರೆಯುವಷ್ಟು ದೊಡ್ಡವಳಾಗಲು ಇವಳಿಗೆ ಹೇಗೆ ಸಾಧ್ಯವಾಯಿತು ಎಂದು ಹೊಟ್ಟೆ ಉರಿಯಿತು. ಅಷ್ಟರಲ್ಲಿ ಸುವರ್ಣಾ ತನ್ನ ಟ್ರಂಕನ್ನು ಇಪ್ಪತ್ತನೇ ಕೋಣೆಗೆ ಸಾಗಿಸಿ ಆಗಿತ್ತು.

ವಾಚನಾಲಯದ ಜಾಗದಲ್ಲಿ ಸ್ಟೀಲಿನ ಬಸ್ ನಿಲ್ದಾಣ ನಿಂತಿತು. ಬಸ್ಸುಗಳು ಐದು ನಿಮಿಷಕ್ಕೊಂದರಂತೆ ಬಂದು ನಿಲ್ಲುತ್ತಿದ್ದವು. ಯಾರೂ ಹತ್ತುತ್ತಿರಲಿಲ್ಲ. ಗೂಳಪ್ಪನನ್ನು ನೀರು ಸರಬರಾಜಿಗೆ ಹಾಕಿದರು. ಹೋಗುವ ದಿನ ಅವನು ಹಾಸ್ಟೆಲಿನ ಗೇಟಿಗೆ ಬಂದು ಡೈರಿಯನ್ನು ದಾಕ್ಷಾಯಿಣಿಯ ಕೈಗೆ ಕೊಟ್ಟ. "ನೀ ಒಬ್ಬಾಕೀನ ಕೇಳತಿದ್ದಿ. ಇಟ್ಕೋ," ಎಂದ. ಸಭೆಯ ಸುದ್ದಿ ಅವನಿಗೆ ತಿಳಿದಿತ್ತೋ ಇಲ್ಲವೋ, ಮುಖದಿಂದ ಗೊತ್ತಾಗಲಿಲ್ಲ.

ಅವಳು ಮಂಚದ ಮೇಲೆ ಕೂತು, ಮೂವತ್ತೊಂದು ಸುಧಾರಣೆಯ ನೋಟುಬುಕ್ಕಿನ ಕೊನೆಯ ಪುಟದಲ್ಲಿ, ಅಂಚು ಬಿಟ್ಟು ಬರೆದಳು.

ಹೋದದ್ದು: ಕುರ್ಚಿ ಅರವತ್ತನಾಲ್ಕು. ಮೇಜು ಹದಿನಾರು. ಗೋದಾಮಿಗೆ ಸಾಗಿಸಿದ ಪುಸ್ತಕ ಹನ್ನೊಂದು ಸಾವಿರದ ಮುನ್ನೂರು. ಸ್ಟೂಲು ಒಂದು. ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಓದಲು ಉಳಿದಿದ್ದ ದಿನ ನಲವತ್ತಾರು. ಪಕ್ಕದ ಮಂಚ ಒಂದು. ದಿನಕ್ಕೆ ಇನ್ನೂರ ಹದಿಮೂರು ಜೋಡು ಚಪ್ಪಲಿ.